ಜೋರ್ಹಾಟಿನ ಸಂಜೆ, ಶಿರಸಿಯ ಬಿಸಿಲು

ಶಿರಸಿಗೂ ಅಸ್ಸಾಮಿನ ಜೋರ್ಹಾಟಿಗೂ ಗಂಟೆ ಒಂದೇ ಎಂದು ಸರ್ಕಾರ ಹೇಳುತ್ತದೆ. ಸೂರ್ಯನಿಗೆ ಮಾತ್ರ ಆ ಆದೇಶ ಇನ್ನೂ ತಲುಪಿಲ್ಲ. ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶವೇ ದೇಶಕ್ಕೆಲ್ಲ ಪ್ರಮಾಣ. ಆ ಲೆಕ್ಕದಲ್ಲಿ ಶಿರಸಿಯ ಸೂರ್ಯ ಅರ್ಧ ಗಂಟೆ ತಡವಾಗಿ ಕಚೇರಿಗೆ ಬರುವ ಗುಮಾಸ್ತ. ಜೋರ್ಹಾಟಿನವನು ಮುಕ್ಕಾಲು ಗಂಟೆ ಮೊದಲೇ ಬಂದು ಹಾಜರಿ ಹಾಕುವವ.

ನನ್ನ ತಂಗಿಯ ಮಗ ಅಲ್ಲಿನ ಚಹಾ ತೋಟವೊಂದರಲ್ಲಿ ಕೆಲಸಕ್ಕಿದ್ದಾನೆ. ಜೂನ್‌ನಲ್ಲಿ ಅವನಿಗೆ ನಾಲ್ಕೂವರೆಗೇ ಬೆಳಗು, ಡಿಸೆಂಬರಿನಲ್ಲಿ ನಾಲ್ಕೂವರೆಗೇ ಸಂಜೆ. ಹಗಲು ದಂಡವಾಗಬಾರದೆಂದು ಬ್ರಿಟಿಷರ ಕಾಲದಲ್ಲೇ ಚಹಾ ತೋಟಗಳು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಟ್ಟವು. ಈ ‘ಬಾಗಾನ್ ಟೈಮ್’ ಎಷ್ಟೋ ತೋಟಗಳಲ್ಲಿ ಇಂದಿಗೂ ಉಂಟು. ಗೇಟಿನ ಒಳಗೆ ಒಂಬತ್ತಾದರೆ ಹೊರಗಿನ ಪೇಟೆಗೆ ಇನ್ನೂ ಎಂಟು.

ಶಿರಸಿಗೂ ಸ್ವಂತ ಟೈಮ್ ಇದೆ, ಹಿಂದಕ್ಕೆ. ‘ಈಗ ಬಂದೆ’ ಅಂದವ ಇನ್ನೂ ಸ್ನಾನಕ್ಕೇ ಇಳಿದಿರುವುದಿಲ್ಲ. ‘ಒಂಬತ್ತೂವರೆಗೆ ಸರಿಯಾಗಿ’ ಎಂದು ಅಚ್ಚಾದ ಯಕ್ಷಗಾನಕ್ಕೆ ಹತ್ತು ಗಂಟೆಗೂ ಚೌಕಿಯಲ್ಲಿ ಬಣ್ಣ ಹಚ್ಚುತ್ತಿರುತ್ತಾರೆ. ಮಧ್ಯಾಹ್ನದ ನಿದ್ದೆ, ನಿದ್ದೆ ತಿಳಿಯಲು ಚಹಾ, ಮೇಲೊಂದು ಕವಳ, ಕವಳದ ಜೊತೆಗೆ ಅಡಿಕೆ ದರ ಮತ್ತು ಮಂಗನ ಕಾಟ. ಇಷ್ಟೆಲ್ಲ ಮುಗಿಸಿ ಹೊರಡುವ ನಮ್ಮವರಿಗೆ ಬ್ರಹ್ಮಪುತ್ರದ ನಿಮಾತಿ ಘಾಟಿನಲ್ಲಿ ಮಾಜುಲಿ ದ್ವೀಪದ ಕೊನೆಯ ದೋಣಿ ಈ ಜನ್ಮದಲ್ಲಿ ಸಿಗಲಿಕ್ಕಿಲ್ಲ.

ಹಾಗಂತ ಅಲ್ಲಿಯವರು ಅವಸರದ ಜನ ಅಲ್ಲವಂತೆ. ಮನೆಗೆ ಹೋದವರ ಮುಂದೆ ಮೊದಲು ಬರುವುದು ತಾಮೂಲ್-ಪಾನ್, ಅಂದರೆ ನಮ್ಮದೇ ಎಲೆ ಅಡಿಕೆ. ಅವರದು ಹಸಿಯದು, ನಮ್ಮದು ಚಾಲಿ. ಕವಳ ಬಾಯಿಗೆ ಬಿದ್ದ ಮೇಲೆ ಎರಡೂ ಊರಲ್ಲಿ ಗಂಟೆ ಕೇಳುವವರಿಲ್ಲ. ‘ಆಗ ಮಾತ್ರ ಊರಲ್ಲೇ ಇದ್ದಂಗೆ ಆಗ್ತು ಮಾವ’ ಎಂದ ತಂಗಿಯ ಮಗ ಒಮ್ಮೆ.

ತಂಗಿಗೆ ಇದರಿಂದ ಸಮಾಧಾನವಿಲ್ಲ. ದೀಪ ಹಚ್ಚಿ, ಹಾಲು ಕರೆದು, ಎಲ್ಲರ ಊಟ ಮುಗಿಸಿ ಅವಳು ಫೋನ್ ಹಿಡಿಯುವಾಗ ಒಂಬತ್ತೂವರೆ. ಬಾಗಾನ್ ಟೈಮಿನಲ್ಲಿ ಹತ್ತೂವರೆ. ಹುಡುಗ ನಿದ್ದೆಗಣ್ಣಲ್ಲೇ ಹೂಂಗುಟ್ಟುತ್ತಾನೆ. ಅವನಿಗೆ ಮಾತಿನ ಹಂಬಲವಾಗುವುದು ಹೊತ್ತು ಮುಳುಗಿದಾಗ. ಡಿಸೆಂಬರಿನ ಒಂದು ದಿನ ಐದು ಗಂಟೆಗೆ ಫೋನ್ ಮಾಡಿ, ‘ರಾತ್ರಿಗೆ ಎಂತಾ ಅಡುಗೆ ಆಯಿ?’ ಎಂದು ಕೇಳಿದ. ಅಡಿಕೆ ಒಟ್ಟುತ್ತಿದ್ದವಳು, ‘ಈಗೆಂತಾ ಅಡುಗೆಯೋ, ಬಿಸಿಲು ಇನ್ನೂ ಅಂಗಳದಲ್ಲೇ ಇದ್ದು’ ಎಂದು ಇಟ್ಟುಬಿಟ್ಟಳು. ಆಮೇಲೆ ರಾತ್ರಿಯಿಡೀ ಪೇಚಾಡಿದಳು.

ಈಶಾನ್ಯಕ್ಕೆ ಬೇರೆ ಸಮಯ ಕೊಡಬೇಕೇ ಎಂಬ ಚರ್ಚೆ ಆಗಾಗ ಏಳುತ್ತದೆ, ಹಾಗೇ ಮಲಗುತ್ತದೆ. ಅದು ತೀರ್ಮಾನವಾಗುವವರೆಗೆ, ನಿಮ್ಮ ಮಕ್ಕಳು ಆ ಕಡೆ ಇದ್ದರೆ, ದೇವರಿಗೆ ದೀಪ ಹಚ್ಚುವ ಮೊದಲೇ ಫೋನ್ ಮಾಡಿ. ದೇವರು ನಮ್ಮ ಟೈಮಿನವನೇ, ಕಾಯುತ್ತಾನೆ.