ಬಿಗಿ ಮಾಡಿಸಿದ ಚೈನು

ಕೇಣಿಯಂಥ ಕಡಲಬದಿಯ ಊರಿನಲ್ಲಿ ಬೈಕಿನ ಚೈನು ಬೇಗ ಮುದಿಯಾಗುತ್ತದೆ. ಉಪ್ಪುಗಾಳಿ, ಹೊಯ್ಗೆ, ಮಳೆಗಾಲದ ಕೆಸರು ಎಲ್ಲವೂ ಅದರ ಮೇಲೇ ಕೂರುತ್ತವೆ. ಮೀನು ವ್ಯಾಪಾರದ ಬೈಕಾದರಂತೂ ಕೇಳುವುದೇ ಬೇಡ, ಹಿಂದಿನ ಕ್ರೇಟಿನಲ್ಲಿ ಐಸು ಕರಗಿ ಸೋರುವ ನೀರು ಚೈನಿನ ಮೇಲೇ ತೊಟ್ಟಿಕ್ಕುತ್ತಿರುತ್ತದೆ. ಹಾಗಾಗಿ ಚಾದಂಗಡಿಯ ಮುಂದೆ ನಾಲ್ಕು ಬೈಕು ನಿಂತರೆ ಚೈನಿನ ಮಾತು ಬಂದೇ ಬರುತ್ತದೆ. ಸಲಹೆ ಕೊಡುವವರಿಗೂ ಬರವಿಲ್ಲ. ಅವರಲ್ಲಿ ಬಹುಕಾಲ ನಾನೇ ಮೊದಲಿಗ.

ನನಗೆ ಆ ಗತ್ತು ಬಂದದ್ದು ಯೆಜ್ಡಿಯಿಂದ. ಆ ಬೈಕನ್ನು ತಯಾರಿಸುತ್ತಿದ್ದ, ಮೈಸೂರಿನಲ್ಲಿ 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆಮೇಲೂ ಆ ಗಾಡಿಗಳು ರಸ್ತೆಯಲ್ಲಿ ಉಳಿದದ್ದು ಹಳೆಯ ಮೆಕ್ಯಾನಿಕರ ಕೈಗುಣದಿಂದ, ಮಾಲೀಕರು ಒಬ್ಬರಿಗೊಬ್ಬರು ಹೇಳಿಕೊಟ್ಟ ಉಪಾಯಗಳಿಂದ. ಕಿಕ್ ಹೊಡೆಯುವ ಕೋಲಿನಲ್ಲೇ ಗೇರನ್ನೂ ಹಾಕುವ ಗಾಡಿ ಅದು. ಅದನ್ನು ಪಳಗಿಸಿದವನಿಗೆ ಉಳಿದ ಬೈಕುಗಳೆಲ್ಲ ಸಸಾರ ಎಂದು ನಾನು ನಂಬಿಬಿಟ್ಟಿದ್ದೆ.

ಮೀನು ಮಾರುವ ಗೆಳೆಯನೊಬ್ಬ ಒಂದು ಬೆಳಿಗ್ಗೆ, ‘ಚೈನು ಕರಕರ ಅಂತದೆ ಮಾಸ್ತರ್ರೆ, ಎಂತ ಮಾಡೂದು?’ ಎಂದು ಕೇಳಿದ. ನಾನು ಬಗ್ಗಿ ಬೆರಳಲ್ಲೊಮ್ಮೆ ಎತ್ತಿ ನೋಡಿ, ‘ಸಡಿಲಾಗಿದೆ, ಬಿಗಿ ಮಾಡ್ಸು ತಮ್ಮಾ’ ಎಂದೆ. ಪಕ್ಕದಲ್ಲಿದ್ದ ಗ್ಯಾರೇಜಿನ ಹುಡುಗ, ‘ಕ್ರೇಟು ಹೇರಿ ನೋಡ್ಬೇಕು ಮಾಸ್ತರ್ರೆ’ ಎಂದ. ‘ನೀ ಹುಟ್ಟೂಕೆ ಮೊದ್ಲೇ ನಾ ಯೆಜ್ಡಿ ಚೈನು ಬಿಚ್ಚಿ ಹಾಕ್ದವ’ ಎಂದುಬಿಟ್ಟೆ. ಎಲ್ಲರೂ ನಕ್ಕರು. ಹುಡುಗ ಸುಮ್ಮನೆ ಪಾನ ಹಿಡಿದು ನಾನು ಹೇಳಿದಷ್ಟು ಬಿಗಿ ಮಾಡಿದ.

ಬಂಗಡೆ, ತಾರ್ಲೆ ಹೇರಿಕೊಂಡು ಯಲ್ಲಾಪುರ ರಸ್ತೆ ಹಿಡಿದವನ ಚೈನು ಕೆಲವೇ ದಿನಗಳಲ್ಲಿ ಸುಂಕಸಾಳದ ಹತ್ತಿರ ತುಂಡಾಯಿತು. ಚಕ್ರಕ್ಕೆ ಸಿಕ್ಕಿಕೊಳ್ಳದೆ ರಸ್ತೆಗೆ ಬಿದ್ದದ್ದು ಅವನ ಪುಣ್ಯ. ಐಸು ಕರಗಿತು, ಮೀನು ಬಂದ ಬೆಲೆಗೆ ಹೋಯಿತು.

ಹುಡುಗ ಹೇಳಿದ್ದರಲ್ಲೇ ಕಾರಣವಿತ್ತು. ಭಾರ ಬಿದ್ದಾಗ ಬೈಕಿನ ಹಿಂಭಾಗ ತಗ್ಗುತ್ತದೆ. ಆಗ ಇಂಜಿನ್ನಿನ ಹಲ್ಲುಚಕ್ರಕ್ಕೂ ಹಿಂದಿನ ಚಕ್ರದ ಆಕ್ಸೆಲಿಗೂ ನಡುವಿನ ಅಂತರ ಹೆಚ್ಚುತ್ತ ಹೋಗಿ ಚೈನು ತಾನಾಗಿ ಬಿಗಿಯುತ್ತದೆ. ಕೆಳಗಿನ ಚೈನು ಮೇಲೆ ಕೆಳಗೆ ಆಡಲು ಇಷ್ಟು ಜಾಗ ಇರಲಿ ಎಂದು ಕಂಪನಿ ಹೇಳುವುದು ಅದಕ್ಕೇ. ಎಷ್ಟೋ ಸಾಮಾನ್ಯ ಬೈಕುಗಳಿಗೆ ಅದು 25ರಿಂದ 35 ಮಿ.ಮೀ. ಆಸುಪಾಸು. ಖಾಲಿ ಬೈಕಿನಲ್ಲೇ ಆ ಜಾಗ ನುಂಗಿಬಿಟ್ಟರೆ ಕ್ರೇಟು ಹೇರಿದಾಗ ಚೈನಿನ ಜತೆ ಬೇರಿಂಗೂ ಹೋಗುತ್ತದೆ. ಕರಕರ ಸದ್ದಿಗೂ ಸಡಿಲಿಗೂ ಸಂಬಂಧವೇ ಇರಲಿಲ್ಲ. ಉಪ್ಪುನೀರಿಗೆ ತುಕ್ಕು ಹಿಡಿದು ಕೊಂಡಿಗಳು ಮಡಚದಾಗಿದ್ದವು. ನನ್ನ ಯೆಜ್ಡಿಯ ಚೈನು ಪೂರ್ತಿ ಮುಚ್ಚಿದ ಡಬ್ಬಿಯೊಳಗೆ ಇದ್ದದ್ದು, ಉಪ್ಪುನೀರು ಕಂಡದ್ದೇ ಇಲ್ಲ. ಅವನ ಬೈಕಿನ ಕವರು ತುಕ್ಕು ತಿಂದು ಎಂದೋ ಉದುರಿತ್ತು. ಅಷ್ಟನ್ನೂ ನೋಡದೆ ನನ್ನ ಗಾಡಿಯ ಅನುಭವವನ್ನು ಅವನ ಗಾಡಿಗೆ ತೊಡಿಸಿದ್ದೆ.

ಈಗ ಯಾರಾದರೂ ಕೇಳಿದರೆ ಮೊದಲು ನಾನೇ ಕೇಳುತ್ತೇನೆ: ಎಷ್ಟು ಭಾರ ಹೇರುತ್ತೀ, ಘಟ್ಟ ಹತ್ತುತ್ತೀಯಾ, ತೊಳೆದು ಎಷ್ಟು ದಿನವಾಯಿತು? ಆಮೇಲೆ ಚಕ್ರವನ್ನು ನಿಧಾನ ತಿರುಗಿಸಿ, ಚೈನು ಎಲ್ಲಿ ಅತಿ ಬಿಗಿಯಿದೆಯೋ ಅಲ್ಲಿ ಅಳೆಯಲು ಹೇಳುತ್ತೇನೆ. ಸಿಹಿನೀರಲ್ಲಿ ಉಪ್ಪು ತೊಳೆದು, ಸೀಮೆಎಣ್ಣೆಯಲ್ಲಿ ಬ್ರಶ್ ಆಡಿಸಿ, ಒರೆಸಿ ಒಣಗಿಸಿ, 90 ನಂಬರಿನ ಗೇರ್ ಆಯಿಲ್ ಬಿಟ್ಟರೆ ಸದ್ದು ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಇಂಜಿನ್ ಬಂದ್ ಮಾಡಿ ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು, ಇಲ್ಲದಿದ್ದರೆ ಬೆರಳು ಹೋದೀತು. ಹಲ್ಲುಚಕ್ರದ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನೊಂದನ್ನೇ ಬದಲಿಸಿ ಫಲವಿಲ್ಲ, ಸೆಟ್ಟೇ ಹಾಕಬೇಕು. ನನಗೆ ತಿಳಿಯದ್ದನ್ನು ಆ ಹುಡುಗನ ಬಳಿಗೆ ಕಳಿಸುತ್ತೇನೆ. ಅದೇ ಚಾದಂಗಡಿಯಲ್ಲಿ, ಅಂದು ನಕ್ಕವರ ಎದುರೇ, ಅವನು ಹೇಳಿದ್ದು ಸರಿ ಎಂದು ಒಪ್ಪಿಕೊಂಡೂ ಆಯಿತು.

ಚೈನಿಗಿಂತ ಹೆಚ್ಚು ನನ್ನನ್ನು ಕಾಡಿದ್ದು ಬೇರೆ. ಚೈನು ತುಂಡಾದ ಸುದ್ದಿಯನ್ನು ಗೆಳೆಯ ನನಗೆ ಹೇಳಲೇ ಇಲ್ಲ. ದಿನವೂ ಸಿಗುತ್ತಿದ್ದ, ಚಾ ಕುಡಿಸುತ್ತಿದ್ದ. ಮಾಸ್ತರರಿಗೆ ಬೇಜಾರಾದೀತು ಎಂದು ನುಂಗಿಕೊಂಡಿದ್ದ. ನನಗೆ ತಿಳಿದದ್ದು ಗ್ಯಾರೇಜಿನಲ್ಲಿ, ಅದೂ ನನ್ನ ಮಾತು ಕೇಳಿ ಇನ್ನಿಬ್ಬರು ಚೈನು ಬಿಗಿ ಮಾಡಿಸಿಕೊಂಡು ಹೋದ ಮೇಲೆ. ನಮ್ಮ ಕಡೆ ಹಿರಿಯರಿಗೆ ಕೊಡುವ ಮರ್ಯಾದೆ ಹೀಗೂ ಕೆಲಸ ಮಾಡುತ್ತದೆ: ತಪ್ಪು ಸಲಹೆ ಊರೆಲ್ಲ ಸುತ್ತುತ್ತದೆ, ಕೊಟ್ಟವನ ಕಿವಿಗೆ ಮಾತ್ರ ತಲುಪುವುದಿಲ್ಲ. ಕೆಟ್ಟಿತು ಎಂದು ಬಂದು ಹೇಳುವ ಭಾರವನ್ನು ಕೇಳಿದವನ ತಲೆಗೆ ಹೊರಿಸುವುದು ನ್ಯಾಯವಲ್ಲ. ಸಲಹೆ ಕೊಟ್ಟವನೇ ವಾರ ಬಿಟ್ಟು ಹೋಗಿ ‘ಏನಾಯ್ತು ತಮ್ಮಾ?’ ಎಂದು ಕೇಳಬೇಕು. ಅಷ್ಟು ವ್ಯವಧಾನ ಇಲ್ಲದವ ಚಾ ಕುಡಿದು ಎದ್ದು ಹೋದರೆ ಯಾರ ಬೈಕೂ ಕೆಡುವುದಿಲ್ಲ.