ಲೆಕ್ಕ ಸರಿ, ಪ್ರಶ್ನೆ ತಪ್ಪು



ಗಣಿತ ಕಲಿಸುತ್ತಿದ್ದ ಮಾಸ್ತರರು ಜೀಪಿಗೆ ಟರ್ಬೊ ಹಾಕಿಸಿದ ಸುದ್ದಿ ಇಂಡಿಯಿಂದ ಹೊರಟು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನು ನನಗಿಂತ ಮೊದಲೇ ಮುಟ್ಟಿದೆ. ಈ ನಾಲ್ಕೂ ತಾಲೂಕುಗಳಲ್ಲಿ ಸೇವೆ ಸಲ್ಲಿಸಿದವನು ನಾನು. ಯಾವ ಮದುವೆಗೆ ಹೋದರೂ ಒಂದೇ ಪ್ರಶ್ನೆ: “ಸರ್, ಈ ವಯಸ್ಸಿನಾಗ ನಿಮಗ ಟರ್ಬೊ ಯಾಕ್ರಿ?” ಎಲ್ಲರಿಗೂ ಒಮ್ಮೆಗೇ ಉತ್ತರಿಸುವುದು ಲೇಸೆಂದು ಇದನ್ನು ಬರೆಯುತ್ತಿದ್ದೇನೆ. ಉತ್ತರದಲ್ಲಿ ನನ್ನ ಹಳೆಯ ತಪ್ಪೊಂದು ಸೇರಿಕೊಂಡಿದೆ, ಅದನ್ನೂ ಮುಚ್ಚಿಡುವುದಿಲ್ಲ.

ಜೀಪು ನನ್ನದಲ್ಲ, ದಿವಂಗತ ಅಣ್ಣನದು. 1993ರಲ್ಲಿ ಕೊಂಡ ಮಹೀಂದ್ರದ ಎಂಎಂ 540. 2112 ಸಿಸಿಯ ಡೀಸೆಲ್ ಎಂಜಿನ್. ಅಣ್ಣ ಹೋದ ಮೇಲೆ ಇಂಡಿ ತಾಲೂಕಿನ ನಮ್ಮ ನಿಂಬೆಯ ತೋಟ ನನ್ನ ಪಾಲಿಗೆ ಬಂದಿತು; ಜೀಪೂ ಬಂದಿತು. ಅದನ್ನು ಮಾರುವ ಮಾತೆತ್ತಿದರೆ ಅತ್ತಿಗೆಯ ಕಣ್ಣಲ್ಲಿ ನೀರು. ದಿನಾ ಬೆಳಿಗ್ಗೆ ತೋಟಕ್ಕೆ ಹೋಗಿ, ನಿಂಬೆಯ ಚೀಲಗಳನ್ನು ಹೇರಿಕೊಂಡು ಇಂಡಿಯ ಮಾರುಕಟ್ಟೆಗೆ ಬರುವುದು ನನ್ನ ನಿವೃತ್ತ ಜೀವನದ ದಿನಚರಿಯಾಯಿತು. 2022ರ ಬೇಸಿಗೆಯಲ್ಲಿ ಒಂದು ದಿನ ರೇಡಿಯೇಟರಿನ ನೀರು ನೋಡುವುದನ್ನು ಮರೆತೆ. ಎಂಜಿನ್ ಕಾದು ಹೆಡ್ ಬಿರುಕು ಬಿಟ್ಟಿತು. ತಪ್ಪು ಸಂಪೂರ್ಣ ನನ್ನದೇ.

ಸಿಂದಗಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿದೆ. ಹೆಸರು ಬರೆಯಬಾರದೆಂದು ಅವನೇ ಕೇಳಿಕೊಂಡಿದ್ದಾನೆ. ಜೀಪನ್ನು ಅಲ್ಲಿಗೆ ಎಳೆಸಿಕೊಂಡು ಹೋದೆ. ಹಳೆಯ ಎಂಜಿನ್ ದುರಸ್ತಿಗೆ ತಗಲುವ ಹಣದಲ್ಲಿ ಅದೇ ಕಂಪನಿಯ 2523 ಸಿಸಿಯ ಡಿಐ ಎಂಜಿನ್ ಕೂರಿಸಬಹುದು, ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ ಎಂದನು. ಜೊತೆಗಿದ್ದ ಅಣ್ಣನ ಮಗ ಕೂಡಲೇ, “ಹಂಗಾದ್ರ ಟರ್ಬೊನೂ ಹಾಕಸೂಣು ಕಾಕಾ” ಎಂದನು. ಚೀಲ ಹೇರಿದಾಗ ಏರಿನಲ್ಲಿ ಜೀಪು ಏದುಸಿರು ಬಿಡುತ್ತಿದ್ದುದರಿಂದ ನನಗೂ ಆಸೆ ಹುಟ್ಟಿತು.

ಟರ್ಬೊ ಎಂದರೇನೆಂದು ತಿಳಿಯದವರಿಗಾಗಿ ಎರಡು ಮಾತು. ಎಂಜಿನ್ನಿನಿಂದ ವ್ಯರ್ಥವಾಗಿ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಹೆಚ್ಚು ಗಾಳಿ ಸಿಕ್ಕರೆ ಹೆಚ್ಚು ಡೀಸೆಲ್ ಪೂರ್ತಿಯಾಗಿ ಉರಿದು ಶಕ್ತಿ ಹೆಚ್ಚುತ್ತದೆ. ಕಮ್ಮಾರನ ತಿದಿ ಒಲೆಗೆ ಮಾಡುವುದೂ ಇದನ್ನೇ; ಇಲ್ಲಿ ತಿದಿ ಒತ್ತುವುದು ಒಲೆಯ ಹೊಗೆಯೇ ಎಂಬುದು ವಿಶೇಷ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಈ ವಿಚಾರಕ್ಕೆ 1905ರಲ್ಲಿಯೇ ಪೇಟೆಂಟ್ ಪಡೆದಿದ್ದರು.

ಎರಡು ಟರ್ಬೊ ನಮ್ಮ ಮುಂದಿದ್ದವು. ಅಣ್ಣನ ಮಗ ಸೊಲ್ಲಾಪುರದ ಗುಜರಿಯಲ್ಲಿ ನೋಡಿಬಂದದ್ದು ಆರು ಸಿಲಿಂಡರಿನ ಲಾರಿಯಿಂದ ಬಿಚ್ಚಿದ ದೊಡ್ಡದು. ಬೆಲೆ ಆರು ಸಾವಿರ. ಇನ್ನೊಂದು, 2523 ಸಿಸಿ ಎಂಜಿನ್ನಿನ ಟರ್ಬೊ ಮಾದರಿಗೆ ತಯಾರಕರೇ ಹಾಕುತ್ತಿದ್ದ ಅಳತೆಯ ಸಣ್ಣದು. ಬಿಲ್ಲಿನೊಡನೆ ಹದಿನಾಲ್ಕು ಸಾವಿರ. ಸಣ್ಣದಕ್ಕೆ ಎಂಟು ಸಾವಿರ ಹೆಚ್ಚು ಕೊಡುವುದೆಂದರೆ ಪಿಂಚಣಿದಾರನ ಮನಸ್ಸು ಒಪ್ಪಲಿಲ್ಲ.

ನಾನು ಹಾಳೆ ಕೇಳಿ ಲೆಕ್ಕಕ್ಕೆ ಕುಳಿತೆ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. ನಿಮಿಷಕ್ಕೆ 4000 ಸುತ್ತು ಎಂದು ಹಿಡಿದರೆ ಸುಮಾರು 5046 ಲೀಟರು. ಸಿಲಿಂಡರು ಪೂರ್ತಿ ತುಂಬದೆಂದು ನೂರಕ್ಕೆ 85ರಷ್ಟು ಹಿಡಿದೆ. ನಮ್ಮ ಎತ್ತರದಲ್ಲಿ, ನಮ್ಮ ಬೇಸಿಗೆಯಲ್ಲಿ ಒಂದು ಘನಮೀಟರ್ ಗಾಳಿಯ ತೂಕ ಸುಮಾರು 1.05 ಕಿಲೋ, ಅಲ್ಲಿಗೆ ನಿಮಿಷಕ್ಕೆ ನಾಲ್ಕೂವರೆ ಕಿಲೋ. ಟರ್ಬೊ ಒತ್ತಡವನ್ನು ಇಮ್ಮಡಿಸಿದರೂ ಗಾಳಿ ಕಾಯುವುದರಿಂದ ತೂಕ ಒಂದೂವರೆ ಪಟ್ಟೇ ಆಗುತ್ತದೆ. ಹತ್ತಿರ ಹತ್ತಿರ ಏಳು ಕಿಲೋ. “ನೋಡಪಾ, ಇಷ್ಟು ಗಾಳಿಗೆ ದೊಡ್ಡದೇ ಬೇಕು” ಎಂದು ಹಾಳೆಯನ್ನು ಅವನ ಮುಂದಿಟ್ಟೆ.

ಅವನು ಕೈಯೊರೆಸಿಕೊಂಡು ಹಾಳೆಯನ್ನು ಬಹಳ ಹೊತ್ತು ನೋಡಿದನು. “ಸರ್, ಲೆಕ್ಕ ಸರಿ ಐತ್ರಿ. ಪ್ರಶ್ನೆ ತಪ್ಪೈತ್ರಿ. ಈ ಎಂಜಿನ್ ನಾಕ ಸಾವಿರ ತಿರಗೂದಲ್ಲ. ನೀವು ದಿನಾ ಹೋಗೂದು ಎಷ್ಟರ ಮ್ಯಾಲ?”

ನನ್ನ ದಾರಿ ನನ್ನ ಕಣ್ಣ ಮುಂದೆ ಬಂದಿತು. ಎರೆಹೊಲದ ನಡುವಿನ ಕಚ್ಚಾರಸ್ತೆ, ಎದುರಿಗೆ ಎತ್ತಿನ ಗಾಡಿ, ಕಬ್ಬಿನ ಟ್ರ್ಯಾಕ್ಟರು. ಎಂಜಿನ್ 1500ರಿಂದ 2500 ಸುತ್ತುಗಳ ನಡುವೆಯೇ ಬದುಕುತ್ತದೆ. 2000 ಸುತ್ತು, ವಾಯುಭಾರದ ಅರ್ಧದಷ್ಟು ಹೆಚ್ಚುವರಿ ಒತ್ತಡ ಎಂದು ಮತ್ತೆ ಲೆಕ್ಕ ಹಾಕಿದೆ. ಮೂರು ಕಿಲೋ ಗಾಳಿಯೂ ಬೇಕಿಲ್ಲ! ದೊಡ್ಡ ಟರ್ಬೊವನ್ನು ತಿರುಗಿಸುವಷ್ಟು ಹೊಗೆ ಆ ವೇಗದಲ್ಲಿ ಈ ಎಂಜಿನ್ನಿನಿಂದ ಹೊರಡುವುದೇ ಇಲ್ಲ. ಆಕಾರ ಅದೇ ಇದ್ದು ಚಕ್ರದ ಅಳತೆ ಒಂದೂವರೆ ಪಟ್ಟಾದರೆ ಅದರ ಜಡತ್ವ ಏಳೂವರೆ ಪಟ್ಟಾಗುತ್ತದೆ. ಆಕ್ಸಲರೇಟರ್ ತುಳಿದು ಕಾಯುತ್ತ ಕೂಡಬೇಕು; ಗಾಳಿ ಬರುವವರೆಗೆ ಹೆಚ್ಚಿನ ಡೀಸೆಲ್ ಕಪ್ಪು ಹೊಗೆಯಾಗುತ್ತದೆ. ಏರು ಮುಗಿದ ಮೇಲೆ ಶಕ್ತಿ ಬಂದರೆ ಯಾರಿಗೆ ಪ್ರಯೋಜನ? ಸಣ್ಣದನ್ನೇ ಕೊಂಡೆವು.

ಆದರೆ ಅವನು ಮೊದಲು ಹಿಡಿದದ್ದು ಕಾಗದ, ಆಮೇಲೆ ಪಾನಾ. ಎಂಜಿನ್ ಬದಲಾವಣೆ, ಟರ್ಬೊ ಎರಡನ್ನೂ ಅರ್ಜಿಯಲ್ಲಿ ಬರೆಸಿ ನನ್ನನ್ನು ಸಾರಿಗೆ ಕಚೇರಿಗೆ ಕಳಿಸಿದನು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ಇಂಥ ಬದಲಾವಣೆಯನ್ನು ಮನಸ್ಸಿಗೆ ಬಂದಂತೆ ಮಾಡುವಂತಿಲ್ಲ. ಆರ್‌ಸಿಯಲ್ಲಿ ಹೊಸ ಎಂಜಿನ್ ಸಂಖ್ಯೆ ಇಲ್ಲದಿದ್ದರೆ ನಾಳೆ ಅಪಘಾತವಾದಾಗ ವಿಮೆಯ ಹಣಕ್ಕೂ ತಕರಾರು. ಎರಡು ತಿಂಗಳು ಓಡಾಡಿದೆ. ಅನುಮತಿ ಬರುವವರೆಗೆ ಅವನು ಒಂದು ನಟ್ಟನ್ನೂ ಬಿಚ್ಚಲಿಲ್ಲ.

ಒತ್ತಡವನ್ನು ಅರ್ಧಕ್ಕಿಂತ ಮೇಲೆ ಏರಿಸಲು ಒಪ್ಪಲಿಲ್ಲ. ಟರ್ಬೊ ಇಲ್ಲದೆ ತಯಾರಾದ ಎಂಜಿನ್ನಿನ ಪಿಸ್ಟನ್ ಹೆಚ್ಚಿನ ಬಿಸಿ ತಾಳದು ಎಂದನು. ಹೊಗೆಯ ಬಿಸಿ ತೋರಿಸುವ ಮೀಟರ್ ಕೂರಿಸಿದನು. ಶಕ್ತಿ ಹೆಚ್ಚಿಸುವ ಮೊದಲು ಬ್ರೇಕ್ ಸರಿಪಡಿಸಿದನು. ಟರ್ಬೊದ ದಂಡ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗಬಲ್ಲದು, ಅದನ್ನು ಹೊತ್ತಿರುವುದು ಎಣ್ಣೆಯ ತೆಳು ಪದರ ಮಾತ್ರ. ಆದ್ದರಿಂದ ಎಣ್ಣೆ ಮರಳುವ ಪೈಪು ದಪ್ಪವಿದ್ದು ಕೆಳಮುಖವಾಗಿಯೇ ಇರಬೇಕು. ದೂರದಿಂದ ಬಂದವರು ಒಂದೆರಡು ನಿಮಿಷ ಎಂಜಿನ್ನನ್ನು ಹಗುರವಾಗಿ ಓಡಲು ಬಿಟ್ಟು ನಿಲ್ಲಿಸಬೇಕು. ನಮ್ಮ ಎರೆಮಣ್ಣಿನ ಧೂಳಿಗೆ ಗಾಳಿಯ ಫಿಲ್ಟರನ್ನು ವಾರಕ್ಕೊಮ್ಮೆ ನೋಡಬೇಕು. ಇವಿಷ್ಟನ್ನೂ ನನ್ನಿಂದ ಎರಡು ಸಲ ಬಾಯಿಪಾಠ ಹೇಳಿಸಿದನು.

ಇನ್ನು ನನ್ನ ತಪ್ಪಿನ ವಿಷಯ. 1994–95ರಲ್ಲಿ ಈತ ಒಂಬತ್ತನೆಯ ತರಗತಿಯಲ್ಲಿದ್ದನು. ಗಣಿತದಲ್ಲಿ 31 ಅಂಕ ಕೊಟ್ಟು ಅಲ್ಲಿಯೇ ಉಳಿಸಿದವನು ನಾನು. ಮತ್ತೆ ಅವನು ಶಾಲೆಗೆ ಬರಲಿಲ್ಲ. ಗ್ಯಾರೇಜಿನಲ್ಲಿ ಚಹಾ ಕುಡಿಯುವಾಗ ನಾನಾಗಿಯೇ ಆ ಮಾತೆತ್ತಿದೆ. ಆ ವರ್ಷ ದೀಪಾವಳಿಯ ನಂತರ ನಾಲ್ಕು ತಿಂಗಳು ತಂದೆತಾಯಿಯೊಡನೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಗುಳೆ ಹೋಗಿದ್ದೆನೆಂದು ಹೇಳಿದನು. ಹಾಜರಿ ಪುಸ್ತಕದಲ್ಲಿ ನಾನೇ ಗೈರು ಬರೆದಿದ್ದೆ. ಎಲ್ಲಿಗೆ ಹೋಗಿದ್ದೆ ಎಂದು ಮಾತ್ರ ಕೇಳಿರಲಿಲ್ಲ.

“ನನ್ನ ತಪ್ಪಾಯ್ತು ತಮ್ಮಾ” ಎಂದೆ.

“ಅದಿರ್ಲಿ ಬಿಡ್ರಿ ಸರ್. ಒಂದ್ ಮಾತು ಕೇಳಿದ್ರ ಹೇಳ್ತಿದ್ನಿರಿ” ಎಂದು ಲೋಟ ಕೆಳಗಿಟ್ಟು ಕೆಲಸಕ್ಕೆ ಎದ್ದನು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಅಂಕಗಳನ್ನು ಕೂಡಿಸುವುದರಲ್ಲಿ ನಾನು ಅಂದೂ ತಪ್ಪಿರಲಿಲ್ಲ. ಆದರೆ ಆ 31 ಅಂಕ ಉತ್ತರಿಸಿದ್ದು, ಓದದ ನಾಲ್ಕು ತಿಂಗಳ ಪಾಠ ಅವನಿಗೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು. ಕಲಿಸಿದರೆ ಕಲಿಯಬಲ್ಲನೇ ಎಂಬ ಪ್ರಶ್ನೆಯನ್ನು ನಾನು ಕೇಳಿಯೇ ಇರಲಿಲ್ಲ.

ಕೂಲಿಯನ್ನು ಅವನು ಪೂರ್ತಿ ತೆಗೆದುಕೊಂಡನು. ಅದು ನನಗೆ ಸಮಾಧಾನ ತಂದಿತು. ಜೀಪು ಈಗ ಎರಡನೆಯ ಗೇರಿನಲ್ಲಿ ಹತ್ತುತ್ತಿದ್ದ ಏರನ್ನು ಚೀಲಗಳ ಸಮೇತ ಮೂರನೆಯದರಲ್ಲಿ ಹತ್ತುತ್ತದೆ. ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಯಾರೂ ಆ ಆಸೆಯಿಂದ ಟರ್ಬೊ ಹಾಕಿಸಬೇಡಿ. ನಿಮ್ಮ ಗಾಡಿ ದಿನಾ ಯಾವ ವೇಗದಲ್ಲಿ ಓಡುತ್ತದೆಂಬುದನ್ನು ಮೊದಲು ಬರೆದುಕೊಂಡು ಆಮೇಲೆ ಅಂಗಡಿಗೆ ಹೋಗಿ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ನಾಲ್ಕು ತಿಂಗಳು ಗೈರಾದ ಮಗು ಮರಳಿ ಬಂದ ದಿನ, ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದನ್ನು ಮರೆಯಬೇಡಿ.