ಕೂತು ನೋಡಬೇಕಾದ ಕಂಬಳಿ

ಆರ್ದಬಿಲ್ ರತ್ನಗಂಬಳಿ ಈಗಿರುವುದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ, ಗಾಜಿನ ಮನೆಯೊಳಗೆ. ಬಣ್ಣ ಮಾಸಬಾರದೆಂದು ಅರ್ಧ ಗಂಟೆಗೊಮ್ಮೆ ಹತ್ತೇ ನಿಮಿಷ ಬೆಳಕು. ನಾನು ಎರಡು ಸರದಿ ಕಾದು ನೋಡಿದೆ. ರೇಷ್ಮೆಯ ಹಾಸುಹೊಕ್ಕಿನ ಮೇಲೆ ಉಣ್ಣೆಯ ಗಂಟುಗಳು, ಸುಮಾರು 2.6 ಕೋಟಿ, ಒಂದೊಂದೂ ಕೈಯಲ್ಲೇ ಕಟ್ಟಿದ್ದು. ನಡುವೆ ಹಳದಿ ಸೂರ್ಯನಂಥ ವೃತ್ತ, ಅದರ ಆಚೀಚೆ ಎರಡು ತೂಗುದೀಪಗಳ ಚಿತ್ರ. ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕದರ ಬದಿಗೆ ಕೂತವರಿಗೆ ಎರಡೂ ಸಮನಾಗಿ ಕಾಣಲೆಂದು ಹೀಗೆ ಮಾಡಿದರು ಎನ್ನುವವರಿದ್ದಾರೆ. ಬೇಕೆಂದೇ ಬಿಟ್ಟ ಕುಂದು ಎನ್ನುವವರೂ ಇದ್ದಾರೆ. ನನಗೆ ಮೊದಲಿನ ಮಾತೇ ಇಷ್ಟ. ಕಂಬಳಿ ನೆಲದ ಮೇಲೆ ಕೂರುವವರದು, ನಿಂತು ಇಣುಕುವ ನಮ್ಮದಲ್ಲ.

ಒಂದು ತುದಿಯಲ್ಲಿ ಹಿಜರಿ 946 ಎಂಬ ವರ್ಷ, ಅಂದರೆ 1539–40. ಜೊತೆಗೆ ಮಕ್ಸೂದ್ ಕಾಶಾನಿಯ ಹೆಸರು. ಗಂಟು ಕಟ್ಟಿದ ಬೆರಳುಗಳ ಹೆಸರು ಒಂದೂ ಇಲ್ಲ.

1893ರಲ್ಲಿ ವಿಲಿಯಂ ಮಾರಿಸ್‌ನ ಶಿಫಾರಸಿನ ಮೇಲೆ ಮ್ಯೂಸಿಯಂ 2,000 ಪೌಂಡ್ ಕೊಟ್ಟು ಇದನ್ನು ಕೊಂಡಿತು. ಅಸಲಿಗೆ ಇವು ಜೋಡಿ ಕಂಬಳಿಗಳು. ಇದರ ಹರಿದ ಜಾಗಗಳನ್ನು ತುಂಬಲು ಜೊತೆಯದನ್ನೇ ಕತ್ತರಿಸಿದ್ದರು. ಅಂಚೇ ಇಲ್ಲದ ಆ ಇನ್ನೊಂದು ಈಗ ಲಾಸ್ ಏಂಜಲೀಸ್‌ನ ಮ್ಯೂಸಿಯಂನಲ್ಲಿದೆ. ಇದನ್ನು ನೋಡಿದ ಮೇಲೆ ನನಗೆ ಅದನ್ನು ನೋಡುವ ಆಸೆಯೇ ಹೆಚ್ಚಾಗಿದೆ.